ಮಿರ್ಲೆಯ ಒರಳು, ಕೋಲಾರದ ಗಿರಣಿ

ಕೃಷ್ಣರಾಜನಗರವನ್ನು ಬಿಟ್ಟು ಸಾಲಿಗ್ರಾಮದ ಕಡೆಗೆ ಹೊರಟ ಪ್ರಯಾಣಿಕನಿಗೆ ಮಿರ್ಲೆ ಇದಿರಾಗುವುದು ಗದ್ದೆಗಳ ಹಸಿರಿನ ನಡುವೆ. ಕಾವೇರಿಯ ನಾಲೆಗಳ ನೀರುಂಡು ಬೆಳೆದ ಸೀಮೆಯಿದು. ಇದನ್ನು ಭತ್ತದ ಕಣಜವೆಂದು ಜನರು ಕರೆಯುತ್ತ ಬಂದಿರುವುದು ಬರಿಯ ಉಪಚಾರದ ಮಾತಲ್ಲ. ಬಹುಕಾಲ ಕೃಷ್ಣರಾಜನಗರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಈ ಊರಿಗೆ ಈಗ ನೆರೆಯ ಸಾಲಿಗ್ರಾಮವೇ ತಾಲ್ಲೂಕು ಕೇಂದ್ರ. ಶ್ರೀರಾಮಾನುಜಾಚಾರ್ಯರು ಮೇಲುಕೋಟೆಗೆ ದಯಮಾಡಿಸುವ ಮುನ್ನ ಈ ಪ್ರಾಂತದಲ್ಲಿ ತಂಗಿದ್ದರೆಂದು ಪ್ರತೀತಿಯುಂಟು. ಶ್ರೀವೈಷ್ಣವರು ಹೇಳುವ ಮಿಥಿಲಾಪುರಿ ಸಾಲಿಗ್ರಾಮವೆಂದರೆ ಮಿರ್ಲೆ ಮತ್ತು ಸಾಲಿಗ್ರಾಮವೆಂಬ ಈ ಅವಳಿ ಊರುಗಳೇ ಎಂದು ಬಲ್ಲವರ ಮಾತು.

ಇಲ್ಲಿ ಗಣಿಯಿಲ್ಲ, ಅದಿರಿಲ್ಲ, ಕಲ್ಲು ಪುಡಿಮಾಡುವ ಕಾರ್ಖಾನೆಯೂ ಇಲ್ಲ. ಆದರೂ ಕಲ್ಲನ್ನು ಅರೆಯುವ ವಿದ್ಯೆಯ ಬಗ್ಗೆ ಬರೆಯಹೊರಟವನು ಈ ಊರಿನಿಂದಲೇ ಏಕೆ ಆರಂಭಿಸಬೇಕೆಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಇಲ್ಲಿಯ ಮನೆಗಳ ಹಿತ್ತಿಲಿನಲ್ಲಿದೆ. ಎರಡನೆಯದು ಇಲ್ಲಿಂದ ಕೆಳಕ್ಕೆ ಹರಿಯುವ ಹೊಳೆಯಲ್ಲಿದೆ.

ಹಿತ್ತಿಲಿನ ಕಾರಣವನ್ನು ಮೊದಲು ನೋಡೋಣ. ಹಳೆಯ ಹೆಂಚಿನ ಮನೆಗಳ ಹಿಂದೆ ಇಂದು ಒರಳುಕಲ್ಲುಗಳು ಮಳೆನೀರು ತುಂಬಿಕೊಂಡು ಕುಳಿತಿವೆ. ವಿದ್ಯುತ್ತಿನ ಯಂತ್ರಗಳು ಅಡುಗೆಯ ಮನೆಯನ್ನು ಆಕ್ರಮಿಸಿದ ಮೇಲೆ ಅವುಗಳ ಪಾಲಿಗೆ ಬಂದದ್ದು ಕೋಳಿಗಳ ಬಾಯಾರಿಕೆ ತೀರಿಸುವ ಕೆಲಸ. ಅಂಥದೊಂದು ಒರಳಿನ ಪಕ್ಕದಲ್ಲಿ ಎರಡು ಗುಂಡುಗಳು ಬಿದ್ದಿದ್ದವು, ಒಂದು ದಪ್ಪ, ಒಂದು ಸಣ್ಣ. ಒಂದು ಒರಳಿಗೆ ಎರಡು ಗುಂಡೇಕೆಂದು ಮನೆಯ ಹಿರಿಯಾಕೆಯನ್ನು ಕೇಳಿದೆ.

“ಹಳೇ ಗುಂಡು ಸವ್ದೋಗಿತ್ತು ಕಣಪ್ಪ. ಒರಳು ದೊಡ್ಡದು, ಗುಂಡು ಚಿಕ್ಕದು; ಎಷ್ಟು ತಿರುವಿದ್ರೂ ಉದ್ದು ಜಾರ್ಕೊಂಡು ಮೇಲಕ್ಕೇ ಬರ್ತಿತ್ತು. ಆಮೇಲೆ ಇದನ್ನ ತಂದ್ವಿ,” ಎಂದರು ಆಕೆ.

ಅದಿರು ಅರೆಯುವ ಎಂಜಿನಿಯರುಗಳು ನೂರಾರು ಪುಟಗಳಲ್ಲಿ ಹೇಳುವ ಶಾಸ್ತ್ರದ ಮೊದಲ ಸೂತ್ರ ಇದೇ. ಅರೆಯುವುದು ಒರಳಲ್ಲ, ಅರೆಯುವುದು ಗುಂಡು. ಪಾತ್ರೆ ಎಷ್ಟೇ ಭದ್ರವಾಗಿರಲಿ, ತಿರುಗಿಸುವ ಕೈ ಎಷ್ಟೇ ಬಲವಾಗಿರಲಿ, ಒಳಗಿನ ಗುಂಡಿನ ಗಾತ್ರ, ತೂಕ, ಆಕಾರ, ಮೈಯ ಗಟ್ಟಿತನ ಇವು ಹೊಂದದಿದ್ದರೆ ಶ್ರಮವೆಲ್ಲ ಜಾರಿಹೋಗುತ್ತದೆ. ನಮ್ಮ ಗೃಹಿಣಿಯರು ಇದನ್ನು ಯಾವ ಪಾಠಶಾಲೆಗೂ ಹೋಗದೆ ಬಲ್ಲರು. ಭತ್ತ ಕುಟ್ಟುವುದಕ್ಕೆ ಮರದ ಒನಕೆ. ಅಲ್ಲಿ ಹೊಟ್ಟು ಬಿಡಬೇಕು, ಕಾಳು ನುಚ್ಚಾಗಬಾರದು. ಉದ್ದಿನ ಹಿಟ್ಟಿಗೆ ಒರಳಿನಲ್ಲಿ ಹೊರಳುವ ಗುಂಡು. ಒಣ ರಾಗಿಗೆ ಎರಡು ಚಪ್ಪಟೆ ಹಾಸುಗಳ ರಾಗಿಕಲ್ಲು. ಕಲ್ಲು ನುಣುಪಾಯಿತೆಂದರೆ ಉಳಿಯಿಂದ ಅದರ ಮೈಗೆ ಹೊಸದಾಗಿ ಕಚ್ಚು ಹಾಕುವವರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಒನಕೆಯಿಂದ ಹಿಟ್ಟು ರುಬ್ಬಲಾಗದು, ರಾಗಿಕಲ್ಲಿನಲ್ಲಿ ಭತ್ತ ಕುಟ್ಟಲಾಗದು. ಕುಟ್ಟುವುದು, ರುಬ್ಬುವುದು, ಬೀಸುವುದು ಎಂದು ಮೂರು ಕ್ರಿಯೆಗಳಿಗೆ ಮೂರು ಶಬ್ದಗಳನ್ನು ನಮ್ಮ ಭಾಷೆ ಇಟ್ಟುಕೊಂಡಿರುವಾಗ, ಎಲ್ಲವನ್ನೂ ‘ಮಿಲ್ಲಿಂಗ್’ ಎಂಬ ಒಂದೇ ಮಾತಿಗೆ ಕಟ್ಟುವ ಇಂಗ್ಲಿಷಿನ ಬಡತನಕ್ಕೆ ಮರುಗಬೇಕಷ್ಟೆ.

ಇನ್ನು ಹೊಳೆಯ ಮಾತು. ಮಿರ್ಲೆಯಿಂದ ಕಾವೇರಿ ದೂರವಲ್ಲ. ಸಾಲಿಗ್ರಾಮದ ಆಚೆ ಚುಂಚನಕಟ್ಟೆಯಲ್ಲಿ, ಕೋದಂಡರಾಮನ ಗುಡಿಯ ಮಗ್ಗುಲಲ್ಲೇ, ನದಿ ಬಂಡೆಗಳ ಮೇಲಿನಿಂದ ಸುಮಾರು 60 ಅಡಿ ಧುಮುಕುತ್ತದೆ. ಮಳೆಗಾಲದ ತುಂಬು ಪ್ರವಾಹವನ್ನು ಕಂಡವರು ಆ ಗರ್ಜನೆಯನ್ನು ಮರೆಯಲಾರರು. ಬೇಸಿಗೆಯಲ್ಲಿ ನೀರಿಳಿದಾಗ ಹೋದರೆ ಮತ್ತೊಂದು ನೋಟ: ಹೊಳೆಯುದ್ದಕ್ಕೂ ಮೂಲೆಮೊನೆಗಳೆಲ್ಲ ಕಳೆದು ದುಂಡಗಾದ ಕಲ್ಲುಗಳು. ಮೊನೆಯಿರುವ ಕಲ್ಲು ಉರುಳುವಾಗ ಮೊದಲು ಸವೆಯುವುದು ಮೊನೆಯೇ. ಆದ್ದರಿಂದ ಸಾವಿರ ವರ್ಷ ಉರುಳಿದ ಕಲ್ಲು ಗುಂಡಾಗದೆ ವಿಧಿಯಿಲ್ಲ. ಹೊಳೆ ಇನ್ನೂ ಕೆಳಗೆ ಮೇಕೆದಾಟುವನ್ನು ತಲುಪಿದಾಗ ಒರಳನ್ನೂ ತಾನೇ ಕೊರೆದುಕೊಂಡಿದೆ. ಅಲ್ಲಿ ಸುಳಿಗೆ ಸಿಕ್ಕಿದ ಗುಂಡುಗಳು ತಿರುಗಿ ತಿರುಗಿ ಬಂಡೆಯಲ್ಲಿ ಆಳವಾದ ಗುಂಡಿಗಳನ್ನು ಮಾಡಿವೆ. ಜಗತ್ತಿನ ಮೊದಲ ಗಿರಣಿ ನದಿಯೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಆದರೆ ಇದೇ ಕಾವೇರಿ ಮತ್ತೊಂದು ವಿಧದಲ್ಲಿ, ತಾನು ಕಾಣದ ಊರಿನ ಕಲ್ಲನ್ನೂ ಅರೆದಿದ್ದಾಳೆ. ಮಿರ್ಲೆಯ ಸೀಮೆಯನ್ನು ದಾಟಿ, ಕನ್ನಂಬಾಡಿಯನ್ನು ಹಾದು, ಶಿವನಸಮುದ್ರದಲ್ಲಿ ಬಿದ್ದ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 92 ಮೈಲಿ, ಎಂದರೆ 147 ಕಿಲೋಮೀಟರು ತಂತಿಯ ಮೇಲೆ ಪ್ರಯಾಣ ಮಾಡಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಆ ಶಕ್ತಿ ಚಿನ್ನದ ಬೆನ್ನು ಹತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗಲೂ ಗಣಿಗಳಿಗೆ ವಿದ್ಯುತ್ತು ತಪ್ಪಬಾರದೆಂಬುದು 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಕೈಗೊಂಡದ್ದಕ್ಕೆ ಇದ್ದ ಉದ್ದೇಶಗಳಲ್ಲೊಂದು. ಕಟ್ಟೆಯೆಂದೊಡನೆ ನಾವು ಮಂಡ್ಯದ ಕಬ್ಬನ್ನು ನೆನೆಯುತ್ತೇವೆ. ಕೋಲಾರದ ಕಲ್ಲನ್ನು ನೆನೆಯುವವರು ಕಡಮೆ.

ಕೋಲಾರದ ಗಣಿಗಳಿಗೆ ಇಂದು ಹೋಗುವವರು ರೈಲಿನಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ ಹಾದಿ ಹಿಡಿಯಬಹುದು. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳಲ್ಲೇ ಹಳೆಯ ಕಂಪನಿಗಳ ನೆನಪು ಉಳಿದಿದೆ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯವರು ಇಲ್ಲಿಗೆ ಬಂದರು; 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈ ನಡುವೆ ಸುಮಾರು ಐದು ಕೋಟಿ ಟನ್ನು ಅದಿರನ್ನು ಮೇಲಕ್ಕೆತ್ತಿ ಸುಮಾರು 800 ಟನ್ನು ಚಿನ್ನ ತೆಗೆದರು. ಲೆಕ್ಕ ಹಾಕಿದರೆ ಟನ್ನಿಗೆ ಸುಮಾರು ಹದಿನಾರು ಗ್ರಾಮು. ಮದುವೆಗೆ ಒಂದು ಪವನಿನ ಒಡವೆ ಮಾಡಿಸಿದವರ ಪಾಲಿಗೆ ಸರಾಸರಿ ಅರ್ಧ ಟನ್ನು ಬೆಣಚುಕಲ್ಲು ನುಣ್ಣಗೆ ಹಿಟ್ಟಾಗಿದೆ ಎಂದರ್ಥ. ಗಣಿಯ ಆಳವನ್ನು, ಅಲ್ಲಿಯ ಧಗೆಯನ್ನು, ಕೂಲಿಗಳ ಸಾಹಸವನ್ನು ಕುರಿತು ಬಹಳ ಮಂದಿ ಬರೆದಿದ್ದಾರೆ. ಮೇಲಕ್ಕೆ ಬಂದ ಕಲ್ಲು ಹಿಟ್ಟಾಗುವ ಬಗೆಯನ್ನು ಕುರಿತು ಅಷ್ಟಾಗಿ ಬರೆದಿಲ್ಲ. ಆದರೆ ಚಿನ್ನ ಸಿಕ್ಕುವುದೋ ಕಲ್ಲಿನಲ್ಲೇ ಉಳಿಯುವುದೋ ನಿರ್ಧಾರವಾಗುತ್ತಿದ್ದುದು ಅಲ್ಲಿಯೇ.

ಆರಂಭದಲ್ಲಿ ಆ ಕೆಲಸ ಒನಕೆಯದು. ಸ್ಟ್ಯಾಂಪ್ ಗಿರಣಿ ಎಂಬ ಯಂತ್ರ ನಮ್ಮ ಒನಕೆ ಒರಳುಗಳ ದೊಡ್ಡಣ್ಣನಲ್ಲದೆ ಮತ್ತೇನಲ್ಲ. ಸಾಲಾಗಿ ನಿಂತ ಕಬ್ಬಿಣದ ಕಂಬಗಳು; ತಿರುಗುವ ದಂಡವೊಂದರ ಹಲ್ಲುಗಳು ಅವನ್ನು ಏಳೆಂಟು ಅಂಗುಲ ಎತ್ತಿ ಕೈಬಿಡುತ್ತವೆ. ಆ ಕಾಲದ ಗಿರಣಿಗಳಲ್ಲಿ ಸಾಮಾನ್ಯವಾಗಿ ಒಂದೊಂದು ಒನಕೆಯ ತೂಕ ಸಾವಿರ ಪೌಂಡು ಮತ್ತು ಅದಕ್ಕೂ ಮೇಲು. ನಿಮಿಷಕ್ಕೆ 90ರಿಂದ 100 ಪೆಟ್ಟು. ಐದೈದು ಒನಕೆಗಳಿಗೆ ಒಂದೊಂದು ಕಬ್ಬಿಣದ ಒರಳು. ಕಲ್ಲು ಒಡೆದು, ನೀರಿನೊಡನೆ ಜರಡಿಯ ಕಣ್ಣುಗಳಿಂದ ಹೊರಬಿದ್ದು, ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತದೆ; ಬಿಡಿ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಇಂಥ ನೂರಾರು ಒನಕೆಗಳು ಹಗಲಿರುಳು ಬೀಳುತ್ತಿದ್ದ ಊರಿನಲ್ಲಿ ನಿದ್ದೆ ಹೇಗೆ ಬರುತ್ತಿತ್ತೆಂದು ನಗರವಾಸಿಗಳಿಗೆ ಅನ್ನಿಸಬಹುದು. ಗಿರಣಿಗಳಿದ್ದ ಊರುಗಳ ಜನರು ಎಲ್ಲೆಡೆಯೂ ಹೇಳುವುದು ಬೇರೆ: ಸದ್ದು ನಿಂತಾಗಲೇ ಅವರಿಗೆ ಎಚ್ಚರವಾಗುತ್ತಿತ್ತಂತೆ.

ಇದಕ್ಕೂ ಪ್ರಾಚೀನವಾದುದನ್ನು ನೋಡಬಯಸುವವರು ರಾಯಚೂರು ಜಿಲ್ಲೆಗೆ ಹೋಗಬೇಕು. ಹಟ್ಟಿಯ ಸುತ್ತಮುತ್ತ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನ ತೆಗೆಯುತ್ತಿದ್ದರು. ಬಂಡೆಗೆ ಬೆಂಕಿಯಿಟ್ಟು ಬಿರಿಸಿ ನೂರಾರು ಅಡಿ ಆಳಕ್ಕಿಳಿದಿದ್ದ ಆ ಜನರು, ಅದಿರನ್ನು ಬಯಲಿನ ಬಂಡೆಗಳ ಮೇಲೆ ಭಾರವಾದ ಗುಂಡುಗಲ್ಲುಗಳಿಂದ ಅರೆಯುತ್ತಿದ್ದರು. ಅರೆದು ಅರೆದು ಬಿದ್ದ ಗುಳಿಗಳೇ ಅದಕ್ಕೆ ಸಾಕ್ಷಿ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಕೂಡ ಚಿನ್ನ ಹುಡುಕುತ್ತ ಹೊರಟಿದ್ದ ಗಣಿಯ ಎಂಜಿನಿಯರೇ. ಹಟ್ಟಿಯಲ್ಲಿ ಗಣಿ ಇಂದಿಗೂ ಜೀವಂತವಾಗಿದೆ.

ಕೋಲಾರಕ್ಕೆ ಹಿಂದಿರುಗೋಣ. ಒನಕೆಯ ಗುಣ ಪೆಟ್ಟು. ಅದರ ದೋಷವೂ ಪೆಟ್ಟೇ. ಜರಡಿಯಿಂದ ಹೊರಬಿದ್ದದ್ದು ಬಹುಪಾಲು ಮರಳು. ಚಿನ್ನದ ಕಣವೋ ಅನೇಕ ಸಲ ಕಣ್ಣಿಗೆ ಕಾಣದಷ್ಟು ಸಣ್ಣದು. ಬೆಣಚಿನ ಹರಳೊಳಗೆ ಅಡಗಿ ಕುಳಿತಿರುವಂಥದು. ಹರಳು ಒಡೆಯದಿದ್ದರೆ ಪಾದರಸವೂ ಮುಟ್ಟದು, ಸಯನೈಡೂ ಮುಟ್ಟದು. ಸಯನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸುವ ವಿಧಾನಕ್ಕೆ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಹಕ್ಕು ಪಡೆದ ಮೇಲಂತೂ, ಎಷ್ಟು ನುಣ್ಣಗೆ ಅರೆಯಬೇಕೆಂಬುದೇ ಲಾಭ ನಷ್ಟಗಳ ಪ್ರಶ್ನೆಯಾಯಿತು. ನುಣುಪು ಅತಿಯಾದರೂ ಕಷ್ಟವೇ. ಕೆಸರಾಗಿ ಹೋದ ಕಲ್ಲಿನ ನಡುವೆ ದ್ರಾವಣ ಇಳಿಯುವುದಿಲ್ಲ.

ಒನಕೆಯ ಹಿಂದೆ ಗುಂಡು ಬಂದದ್ದು ಹೀಗೆ. ಟ್ಯೂಬ್ ಮಿಲ್ ಎಂಬುದು ಮಲಗಿಸಿದ ಉದ್ದನೆಯ ಉಕ್ಕಿನ ಪೀಪಾಯಿ. ಅರ್ಧಕ್ಕೆ ತುಸು ಕಡಮೆಯಾಗುವಷ್ಟು ಗುಂಡುಗಳನ್ನು ತುಂಬಿ, ಮರಳನ್ನೂ ನೀರನ್ನೂ ಒಂದು ಕಡೆಯಿಂದ ಬಿಟ್ಟು ತಿರುಗಿಸಿದರೆ, ಗುಂಡುಗಳು ಗೋಡೆಯೊಡನೆ ಮೇಲೇರಿ ಉರುಳಿ ಬೀಳುತ್ತ ನಡುವೆ ಸಿಕ್ಕಿದ್ದನ್ನು ಅರೆಯುತ್ತವೆ. ಮೆಲ್ಲಗೆ ತಿರುಗಿಸಿದರೆ ಗುಂಡುಗಳು ಹೊರಳುತ್ತವೆ, ಉಜ್ಜುತ್ತವೆ. ಬೇಗ ತಿರುಗಿಸಿದರೆ ಹಾರಿ ಬಿದ್ದು ಜಜ್ಜುತ್ತವೆ. ಇನ್ನೂ ಬೇಗವಾದರೆ, ತುಂಬಿದ ಚೊಂಬನ್ನು ಗಿರ್ರನೆ ಬೀಸಿದಾಗ ನೀರು ಚೆಲ್ಲದೆ ನಿಲ್ಲುವಂತೆ ಗೋಡೆಗಂಟಿ ಸುಮ್ಮನಾಗುತ್ತವೆ. ಎರಡು ಮೀಟರು ವ್ಯಾಸದ ಪೀಪಾಯಿಗೆ ಈ ಮಿತಿ ನಿಮಿಷಕ್ಕೆ ಸುಮಾರು 30 ಸುತ್ತು. ಆದ್ದರಿಂದ ಅದರ ಮುಕ್ಕಾಲು ವೇಗದಲ್ಲಿ ನಡೆಸುವುದು ರೂಢಿ.

ಆಗಿನ ಗುಂಡು ಯಾವುದು? ಡೆನ್ಮಾರ್ಕ್ ಮತ್ತು ಫ್ರಾನ್ಸಿನ ಕಡಲತೀರಗಳಲ್ಲಿ ಅಲೆಗಳು ಉರುಳಿಸಿ ದುಂಡಗೆ ಮಾಡಿದ ಫ್ಲಿಂಟ್, ಎಂದರೆ ಚಕಮಕಿ ಕಲ್ಲು. ಲೋಕದ ನಾನಾ ಕಡೆಯ ಗಣಿಗಳಿಗೆ ಆ ಕಲ್ಲುಗಳು ಹಡಗಿನಲ್ಲಿ ಹೋಗುತ್ತಿದ್ದವು. ಕಲ್ಲಿಗೇನು ಬರವೆಂದು ನಗಬಾರದು. ಎಲ್ಲ ಹೊಳೆಗಲ್ಲೂ ಈ ಕೆಲಸಕ್ಕೆ ಬಾರದು. ನೋಡಲು ದುಂಡಗಿದ್ದು ಒಳಗೆ ಪದರುಪದರಾಗಿರುವ ಕಲ್ಲು ನಾಲ್ಕು ದಿನಗಳಲ್ಲಿ ಬಿಚ್ಚಿಕೊಂಡು ತಾನೇ ಪುಡಿಯಾಗುತ್ತದೆ. ಫ್ಲಿಂಟಿನ ಮೈಯಲ್ಲಿ ಅಂಥ ಪದರುಗಳಿಲ್ಲ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ಗಣಿಗಳವರು ಆಮೇಲೆ ಇನ್ನೊಂದು ಜಾಣತನ ಮಾಡಿದರು. ತಮ್ಮ ಅದಿರಿನ ಗಟ್ಟಿ ತುಂಡುಗಳನ್ನೇ ಗುಂಡುಗಳ ಬದಲು ಹಾಕಿದರು. ಗುಂಡು ಸವೆದರೂ ನಷ್ಟವಿಲ್ಲ, ಸವೆದದ್ದೂ ಚಿನ್ನದ ಅದಿರೇ! ಕಾಯಿಚಟ್ನಿಯನ್ನು ಕಾಯಿಯ ಚಿಪ್ಪಿನಿಂದಲೇ ರುಬ್ಬುವ ಉಪಾಯವೊಂದು ಮನೆಗಳಲ್ಲಿ ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಬರಬರುತ್ತ ಉಕ್ಕಿನ ಗುಂಡು ಕಲ್ಲನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳಿತು. ಕಾರಣ ತೂಕ. ಫ್ಲಿಂಟ್ ನೀರಿನ 2.6ರಷ್ಟು ತೂಗುತ್ತದೆ, ಉಕ್ಕು 7.8ರಷ್ಟು. ಅದೇ ಗಾತ್ರದ ಉಕ್ಕಿನ ಗುಂಡಿನ ಪೆಟ್ಟು ಮೂರು ಪಾಲು. ಅದೇ ಪೀಪಾಯಿ ಮೂರು ಪಾಲಿನ ಹತ್ತಿರ ಕೆಲಸ ಮಾಡುತ್ತದೆ, ಮೂರು ಪಾಲಿನ ವಿದ್ಯುತ್ತನ್ನೂ ನುಂಗುತ್ತದೆ. ಕಲ್ಲಿನ ಗುಂಡಿನಿಂದ ಅಷ್ಟೇ ಕೆಲಸ ಬೇಕಾದರೆ ಪೀಪಾಯಿ ಬಹಳ ದೊಡ್ಡದಾಗಬೇಕು.

ಗುಂಡಿನ ಗಾತ್ರದ ಲೆಕ್ಕವನ್ನು ಮನೆಯ ಮಕ್ಕಳೂ ಮಾಡಬಹುದು. ನಾಲ್ಕು ಅಂಗುಲದ ಒಂದು ಗುಂಡಿನ ಉಕ್ಕಿನಲ್ಲಿ ಎರಡು ಅಂಗುಲದ ಎಂಟು ಗುಂಡುಗಳಾಗುತ್ತವೆ. ಎಂಟೂ ಸೇರಿದರೆ ತೂಕ ಅಷ್ಟೇ, ಆದರೆ ಮೈಯ ವಿಸ್ತಾರ ಇಮ್ಮಡಿ. ಹೊಡೆತ ಬೇಕಾದಲ್ಲಿ ದೊಡ್ಡ ಗುಂಡು, ಉಜ್ಜು ಬೇಕಾದಲ್ಲಿ ಸಣ್ಣ ಗುಂಡು. ಕೋಳಿಮೊಟ್ಟೆಯಷ್ಟು ದಪ್ಪದ ಅದಿರಿನ ಮೇಲೆ ಗೋಲಿಯಂಥ ಗುಂಡುಗಳನ್ನು ಸುರಿದರೆ ಅವು ತಟ್ಟಿ ಜಾರುತ್ತವೆ. ಮಿರ್ಲೆಯ ಸಣ್ಣ ಗುಂಡಿನ ಗತಿಯೇ ಅವುಗಳದೂ. ಮರಳಿನಷ್ಟು ಸಣ್ಣ ಅದಿರಿಗೆ ದೊಡ್ಡ ಗುಂಡು ಹಾಕಿದರೆ ಒಂದು ಕಣಕ್ಕೆ ಬೇಕಾದದ್ದರ ನೂರು ಪಾಲು ಪೆಟ್ಟು ಬಿದ್ದು, ಪಕ್ಕದ ಸಾವಿರ ಕಣಗಳು ಮುಟ್ಟದೆ ಉಳಿಯುತ್ತವೆ.

ಆಕಾರದ ಮಾತು ಇನ್ನೂ ಸ್ವಾರಸ್ಯವಾದದ್ದು. ಗುಂಡು ಗುಂಡನ್ನು ಮುಟ್ಟುವುದು ಒಂದು ಬಿಂದುವಿನಲ್ಲಿ. ಪೀಪಾಯಿಯ ಉದ್ದಕ್ಕೂ ಉಕ್ಕಿನ ಸಲಾಕೆಗಳನ್ನು ಮಲಗಿಸಿದರೆ, ಅವು ಒಂದನ್ನೊಂದು ಮುಟ್ಟುವುದು ಗೆರೆಯುದ್ದಕ್ಕೂ. ಎರಡು ಸಲಾಕೆಗಳ ನಡುವೆ ದಪ್ಪ ಕಲ್ಲೊಂದು ಸಿಕ್ಕಿದರೆ ಅದು ಅವನ್ನು ಅಗಲಿಸಿ ಹಿಡಿಯುತ್ತದೆ. ಮೊದಲು ಅದೇ ಒಡೆಯುತ್ತದೆ, ಸಣ್ಣ ಕಣಗಳು ಸಂದಿಯಲ್ಲಿ ಸುರಕ್ಷಿತವಾಗಿ ಜಾರಿಕೊಳ್ಳುತ್ತವೆ. ಲಟ್ಟಣಿಗೆಯ ಕೆಳಗೆ ಹಿಟ್ಟಿನ ಗಂಟು ಮೊದಲು ಅಮುಕಿಕೊಳ್ಳುವುದಿಲ್ಲವೆ? ಹಾಗೆಯೇ. ಆದ್ದರಿಂದ ಸಲಾಕೆಯ ಗಿರಣಿ ಒಂದೇ ಸಮನಾದ ಮರಳನ್ನು ಕೊಡುತ್ತದೆ, ಕೆಸರು ಕಡಮೆ. ಸಲಾಕೆಗಳು ಸವೆದು ಬಾಗಿ ಒಂದಕ್ಕೊಂದು ಹೆಣೆದುಕೊಂಡರೆ ಮಾತ್ರ ಗಿರಣಿಯವನ ಪಾಡು ಹೇಳತೀರದು.

ಗುಂಡೂ ಅಲ್ಲದ ಸಲಾಕೆಯೂ ಅಲ್ಲದ ಮೊಂಡು ತುಂಡುಗಳೂ ಉಂಟು. ಎತ್ತರ ಅಗಲ ಸುಮಾರಾಗಿ ಸಮವಾಗಿರುವ ಅವು ಅಂಗಡಿಯವನ ಹಳೆಯ ತೂಕದ ಬಟ್ಟಿನಂತೆ ಕಾಣುತ್ತವೆ. ಒಂದೇ ತೂಕದ ವಸ್ತುಗಳಲ್ಲಿ ಅತ್ಯಂತ ಕಡಮೆ ಮೈಯಿರುವುದು ಗೋಳಕ್ಕೆ. ಆದ್ದರಿಂದ ಈ ತುಂಡುಗಳಿಗೆ ಅದೇ ತೂಕದ ಗುಂಡಿಗಿಂತ ನೂರಕ್ಕೆ ಹದಿನಾಲ್ಕು ಹದಿನೈದರಷ್ಟು ಹೆಚ್ಚು ಮೈಯಿದೆ. ಕಾಗದದ ಮೇಲೆ ಇದು ದೊಡ್ಡ ಲಾಭ. ಯಂತ್ರದೊಳಗೆ ಅಂಚುಗಳು ಸವೆಯುತ್ತ ಹೋಗುತ್ತವೆ, ಲಾಭವೂ ಅವುಗಳೊಡನೆ ಕರಗುತ್ತದೆ. ಗುಂಡಿನ ದೊಡ್ಡ ಗುಣವೆಂದರೆ ಸವೆದ ಮೇಲೂ ಅದು ಗುಂಡೇ. ಹೊಳೆ ಕಲಿಸಿದ ಪಾಠವನ್ನು ಮೀರಿಸುವುದು ಸುಲಭವಲ್ಲವೆಂದು ನನಗೆ ತೋರುತ್ತದೆ.

ಸವೆತವೆಂದೆನಲ್ಲ, ಅದು ಸಣ್ಣ ಬಾಬಲ್ಲ. ಗಟ್ಟಿ ಬೆಣಚಿನ ಅದಿರಾದರೆ ಟನ್ನೊಂದಕ್ಕೆ ಅರ್ಧ ಕಿಲೋ, ಒಂದು ಕಿಲೋ ಉಕ್ಕು ಸವೆದುಹೋಗುವುದುಂಟು. ಟನ್ನಿನಿಂದ ದೊರೆಯುವ ಚಿನ್ನ ಕೆಲವೇ ಗ್ರಾಮುಗಳೆಂಬುದನ್ನು ನೆನೆಯಿರಿ! ಸವೆದ ಉಕ್ಕು ಎಲ್ಲಿಗೆ ಹೋಗುತ್ತದೆ? ಅದಿರಿನ ಹಿಟ್ಟಿನೊಳಕ್ಕೆ. ಅಲ್ಲಿ ಅದು ನೀರಿನ ಆಮ್ಲಜನಕವನ್ನು ಕಬಳಿಸಿ, ಚಿನ್ನವನ್ನು ಕರಗಿಸಬೇಕಾದ ಸಯನೈಡಿನಲ್ಲೂ ಪಾಲು ಕೇಳುತ್ತದೆ. ಕ್ರೋಮಿಯಂ ಹೆಚ್ಚಾಗಿ ಬೆರೆಸಿದ ಎರಕದ ಗುಂಡುಗಳು ತುಕ್ಕಿಗೆ ಸುಲಭವಾಗಿ ಬಗ್ಗುವುದಿಲ್ಲ; ಬೆಲೆ ಹೆಚ್ಚಾದರೂ ಈ ಉಪದ್ರವ ಕಡಮೆ. ಪಿಂಗಾಣಿಯ ಕಾರ್ಖಾನೆಗಳಲ್ಲಂತೂ ಉಕ್ಕಿಗೆ ಪ್ರವೇಶವೇ ಇಲ್ಲ. ಬಿಳಿಯ ಬಟ್ಟಲಿನ ಮೇಲೆ ಕಪ್ಪು ಚುಕ್ಕೆ ಮೂಡಲು ಕಬ್ಬಿಣದ ಒಂದು ಕಣ ಸಾಕು. ಅಲ್ಲಿ ಇಂದಿಗೂ ಹೊಳೆಗಲ್ಲಿನ, ಫ್ಲಿಂಟಿನ, ಅಲ್ಯುಮಿನಾದ ಗುಂಡುಗಳದೇ ರಾಜ್ಯ.

ಇಷ್ಟಾಗಿಯೂ ಅರೆಯುವ ಯಂತ್ರಗಳು ದುಂದುಗಾರರು. ಒಳಹೊಕ್ಕ ಶಕ್ತಿಯಲ್ಲಿ ನಿಜವಾಗಿ ಕಲ್ಲನ್ನು ಒಡೆಯುವುದಕ್ಕೆ ಒದಗುವುದು ಅತ್ಯಲ್ಪ. ಉಳಿದದ್ದೆಲ್ಲ ಕಾವಾಗಿ, ಸದ್ದಾಗಿ ಹೋಗುತ್ತದೆ. ಲೋಕದಲ್ಲಿ ಉತ್ಪನ್ನವಾಗುವ ವಿದ್ಯುತ್ತಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಕಲ್ಲು ಒಡೆದು ಅರೆಯುವುದಕ್ಕೇ ವ್ಯಯವಾಗುತ್ತದೆಂದು ಅಂದಾಜು. ಗುಂಡಿನ ಆಯ್ಕೆಯಲ್ಲಿ ಸ್ವಲ್ಪ ಹದ ತಪ್ಪಿದರೆ ಒಂದು ಹೊಳೆಯ ಬಲವೇ ಬಿಸಿನೀರಾಗಿ ಹೋಗಬಹುದು.

ಕೋಲಾರದಲ್ಲಿ ಒಂದು ನೂರು ವರ್ಷ ಅರೆದ ಹಿಟ್ಟು ಎಲ್ಲಿಗೂ ಹೋಗಿಲ್ಲ. ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಪಕ್ಕದಲ್ಲಿ ಬೂದು ಬಣ್ಣದ ಬೋಳು ದಿಬ್ಬಗಳಾಗಿ ಅದು ನಿಂತಿದೆ. ಊರವರು ಸಯನೈಡ್ ಗುಡ್ಡಗಳೆನ್ನುತ್ತಾರೆ. 2018ರಲ್ಲಿ ತೆರೆಕಂಡ ಹೆಸರಾಂತ ಚಲನಚಿತ್ರವೊಂದರ ಚಿತ್ರೀಕರಣ ಇಲ್ಲಿ ನಡೆದುದರಿಂದ ನಗರಗಳಿಂದ ನೋಡಲು ಬರುವವರೂ ಇದ್ದಾರೆ. ಆದರೆ ಗುಡ್ಡದ ಬುಡದಲ್ಲೇ ಬದುಕುವವರಿಗೆ ಅದು ನೋಟದ ವಸ್ತುವಲ್ಲ. ಬೇಸಿಗೆಯ ಗಾಳಿಗೆ ದಿಬ್ಬದ ಧೂಳೆದ್ದು ಮನೆಯ ನೆಲ, ಒಣಹಾಕಿದ ಬಟ್ಟೆ, ಅನ್ನದ ತಪ್ಪಲೆ ಎಲ್ಲಕ್ಕೂ ಅಂಟುತ್ತದೆ. ಮಕ್ಕಳ ಎದೆಗೂ ಇಳಿಯುತ್ತದೆ. ದಪ್ಪ ಮರಳಾಗಿದ್ದರೆ ಗಾಳಿ ಎತ್ತಲಾರದು, ನುಣ್ಣಗಾದದ್ದರಿಂದಲೇ ಹಾರುತ್ತದೆ. ಚಿನ್ನವನ್ನು ಬಿಡಿಸಿಕೊಟ್ಟ ನುಣುಪೇ ಗಣಿ ಮುಚ್ಚಿದ ಮೇಲೆ ಜನರ ಉಸಿರಿಗೆ ಉಳಿದ ಪಾಲು. ಇನ್ನೊಂದು ಕಡೆ, ಅಂದು ಸಾಕಷ್ಟು ಅರೆಯದೆ ಬಿಟ್ಟ ಹರಳುಗಳ ಒಡಲಲ್ಲಿ ಚಿನ್ನ ಇಂದಿಗೂ ಅಡಗಿದೆ. ದಿಬ್ಬಗಳ ಒಟ್ಟು ಮೊತ್ತ ಸುಮಾರು 3.3 ಕೋಟಿ ಟನ್ನು. ಟನ್ನಿಗೆ ಉಳಿದಿರುವ ಚಿನ್ನ ಒಂದು ಗ್ರಾಮಿಗೂ ಕಡಮೆ.

2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು ಸಾವಿರ ಎಕರೆಯಷ್ಟು ಹರಡಿರುವ ಇಂಥ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಬಂಡೆ ಒಡೆಯುವ ಖರ್ಚು ಈಗಿಲ್ಲ, ಆಳಕ್ಕಿಳಿಯುವ ಅಪಾಯವೂ ಇಲ್ಲ. ಹರಳಿನಲ್ಲಿ ಅಡಗಿದ ಚಿನ್ನ ಬೇಕಾದರೆ ಮಾತ್ರ ಆ ಮರಳನ್ನು ಮತ್ತೊಮ್ಮೆ, ಮೊದಲಿಗಿಂತ ನುಣ್ಣಗೆ ಅರೆಯಬೇಕು. ಈ ಕಾಲದಲ್ಲಿ ಅದಕ್ಕೆ ಉಕ್ಕಿನ ದೊಡ್ಡ ಗುಂಡು ಬೇಕಿಲ್ಲ. ಎರಡು ಮೂರು ಮಿಲಿಮೀಟರಿನ, ರಾಗಿಗಿಂತ ತುಸು ದಪ್ಪನೆಯ ಪಿಂಗಾಣಿಯ ಮಣಿಗಳನ್ನು ತುಂಬಿ ಕಡೆಗೋಲಿನಿಂದ ಕಡೆದಂತೆ ತಿರುಗಿಸುವ ಯಂತ್ರಗಳು ಬಂದಿವೆ. ಹಾಗೆ ಅರೆದ ಹಿಟ್ಟು ಇಂದಿನ ಧೂಳಿಗಿಂತಲೂ ಹಗುರ. ಅದನ್ನು ಹಾರದಂತೆ ಎಲ್ಲಿ, ಹೇಗೆ ಇಡುವರೆಂದು ಚಾಂಪಿಯನ್ ರೀಫಿನ ತಾಯಂದಿರು ಚಿನ್ನದ ಲೆಕ್ಕಕ್ಕಿಂತ ಮೊದಲು ಕೇಳುತ್ತಾರೆ.